ಮೈಗೆ ಪರಿಚಯವಾದ ರೋಗ, ಆಗದ ರೋಗ

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆ ತರುವ ಪದ್ಧತಿ ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಇನ್ನೂ ಉಂಟು. ಕತ್ತಿ ತಾಗಿಸಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ತೊಗಟೆಯನ್ನು ಅರೆದು ರಸ ಹಿಂಡಿ, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಹಾಕಿದರೆ 'ಚೊಂಯ್' ಎಂದು ಹಬೆ ಏಳುತ್ತದೆ. ಬರಿಹೊಟ್ಟೆಗೆ ಅರ್ಧ ಲೋಟ. ಆ ಕಹಿ ನಾಲಿಗೆಯಿಂದ ಇಳಿಯುವ ಮೊದಲೇ ಮೆಂತೆ ಗಂಜಿ ಬಡಿಸುತ್ತಾರೆ. ಇದನ್ನು ಕುಡಿದವರಿಗೆ ವರ್ಷವಿಡೀ ಕಾಯಿಲೆ ಇಲ್ಲ ಎಂದು ನಮ್ಮ ಅತ್ತೆ ಪ್ರತಿ ಆಟಿಯಲ್ಲೂ ಹೇಳುತ್ತಾರೆ. ಹೇಳಿದ ತಿಂಗಳೊಳಗೆ ಅವರಿಗೂ ಶೀತ, ನನಗೂ ಶೀತ.

ಇದೇ ತಿಂಗಳಿಗೆ ನಮ್ಮ ಮಲಯಾಳಿ ನೆರೆಯವರು ಕರ್ಕಾಟಕ ಎನ್ನುತ್ತಾರೆ. ಅಂಗಡಿಯಿಂದ ಕರ್ಕಾಟಕ ಗಂಜಿಯ ಕಿಟ್ ತರುತ್ತಾರೆ. ಗಡಿಯ ಮನೆಗಳಾದ್ದರಿಂದ ನಾವು ಎರಡನ್ನೂ ಬಿಡುವುದಿಲ್ಲ. ಕೊರೋನಾ ಬಂದುಹೋದ ಮೇಲೆ ಮೂರನೆಯದೊಂದು ಸೇರಿಕೊಂಡಿದೆ: ಮೆಡಿಕಲ್ ಶಾಪಿನ ಮೇಜಿನ ಮೇಲೆ, ಚಿಲ್ಲರೆ ಕೊಡುವಾಗ ಕಣ್ಣಿಗೆ ಬೀಳುವಂತೆ ಇಟ್ಟ 'ಇಮ್ಯುನಿಟಿ ಬೂಸ್ಟರ್' ಬಾಟಲಿಗಳು. ಕಷಾಯದ ಮೇಲೆ ನನಗೆ ಸಿಟ್ಟಿಲ್ಲ, ಮೆಂತೆ ಗಂಜಿಯ ಮೇಲಂತೂ ಪ್ರೀತಿಯೇ. (ಮರ ಸರಿಯಾಗಿ ಗೊತ್ತಿಲ್ಲದವರು ಕತ್ತಲೆಯಲ್ಲಿ ತೊಗಟೆ ತೆಗೆಯಲು ಹೋಗಬೇಡಿ. ಕಾಸರಕನ ಮರವೂ ಇದೇ ಗುಡ್ಡಗಳಲ್ಲಿದೆ, ಅದರಲ್ಲಿರುವುದು ಸ್ಟ್ರಿಕ್ನಿನ್.) ಆದರೆ ಈ ಮೂರರ ಹಿಂದೆಯೂ ಇರುವ ಎಣಿಕೆ ಒಂದೇ. ರೋಗನಿರೋಧಕ ಶಕ್ತಿ ಎಂಬುದು ಮೈಯಲ್ಲಿ ಹೆಚ್ಚು ಕಡಿಮೆ ಆಗುವ ಒಂದು ದಾಸ್ತಾನು, ಕಡಿಮೆಯಾದರೆ ಬಾಯಿಯಿಂದ ತುಂಬಿಸಬಹುದು ಎಂಬುದು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಪ್ರತಿವರ್ಷ ಮೊದಲು ಬಿಡಿಸಬೇಕಾದ ಗಂಟು ಇದು.

ಹೊಟ್ಟೆ ತುಂಬ ಊಟ, ನಿದ್ದೆ, ಶುದ್ಧ ನೀರು ಇವೆಲ್ಲ ಬೇಕು. ಅವಿಲ್ಲದ ಮಗುವಿಗೆ ದಡಾರ ಬಂದರೆ ಸಾಯುವ ಸಂಭವ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಚರ್ಮ, ಮೂಗಿನ ಸಿಂಬಳ, ಹೊಟ್ಟೆಯ ಆಮ್ಲ, ಸಿಕ್ಕಿದ್ದನ್ನೆಲ್ಲ ನುಂಗುವ ಬಿಳಿ ರಕ್ತಕಣಗಳು ಹುಟ್ಟಿನಿಂದಲೇ ಬಂದ ಕಾವಲು. ಅವಕ್ಕೆ ರೋಗ ಯಾವುದಾದರೂ ಒಂದೇ. ಆದರೆ ಮನುಷ್ಯ ಬದುಕುತ್ತ ಬದುಕುತ್ತ ಗಳಿಸುವ ನಿರೋಧಕತೆಗೆ ಒಂದೊಂದು ರೋಗವೂ ಬೇರೆ. ದಡಾರ ಕಂಡ ಮೈಗೆ ದಡಾರ ಗೊತ್ತು, ಕೆಪ್ಪಟ್ರಾಯ (ಮಂಪ್ಸ್) ಗೊತ್ತಿಲ್ಲ. ಎಷ್ಟೇ ಗಟ್ಟಿಮುಟ್ಟಾದ ಆಳಾದರೂ ಕಾಣದ ರೋಗದ ಎದುರು ಅವನ ಮೈ ಒಂದನೇ ಕ್ಲಾಸಿನ ಮಗುವೇ.

ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಹೊಳೆಯುತ್ತದೆ. ಒಂದು ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೂಗು ಒರೆಸಿಕೊಳ್ಳುತ್ತಲೇ ಕೇಳಿದಳು: "ಟೀಚರ್, ಚಿಕನ್ ಪಾಕ್ಸ್ ಒಮ್ಮೆ ಬಂದವರಿಗೆ ಮತ್ತೆ ಬರುದಿಲ್ಲ ಅಂತ ಅಮ್ಮ ಹೇಳ್ತಾರೆ. ಹಾಗಾದ್ರೆ ಶೀತ ಯಾಕೆ ಪುನಃ ಪುನಃ ಬರುದು?" ಪಠ್ಯಪುಸ್ತಕದ ಇಡೀ ಅಧ್ಯಾಯಕ್ಕಿಂತ ಒಳ್ಳೆಯ ಪ್ರಶ್ನೆ. ಅದರ ಮೊದಲ ಅರ್ಧ ನಮ್ಮ ಹಿರಿಯರಿಗೆ ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ನನ್ನ ಅಮ್ಮನ ಅಮ್ಮನ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಸಣ್ಣವಳಿದ್ದಾಗ ಬಂದು ಬದುಕಿ ಉಳಿದವರು. ಆಮೇಲೆ ಊರಲ್ಲಿ ಯಾರ ಮನೆಯಲ್ಲಿ ಸಿಡುಬು ಎದ್ದರೂ ಅವರಿಗೆ ಕರೆ ಬರುತ್ತಿತ್ತಂತೆ. ಮನೆಯವರೇ ಹೊಸ್ತಿಲ ಒಳಗೆ ಕಾಲಿಡಲು ಹೆದರುವ ಕೋಣೆಯೊಳಗೆ ಅಜ್ಜಿ ಹೋಗಿ ಕೂತುಕೊಳ್ಳುವುದು. ಎಳೆ ಬಾಳೆಯೆಲೆ ಹಾಸಿ ಮಲಗಿಸುವುದು, ಹುಣ್ಣು ಎಲೆಗೆ ಅಂಟಿಕೊಂಡರೆ ಮೆಲ್ಲ ಎಬ್ಬಿಸಿ ಎಲೆ ಬದಲಾಯಿಸುವುದು, ಬೇವಿನ ಸೊಪ್ಪಿನಲ್ಲಿ ಗಾಳಿ ಹಾಕುವುದು, ತಿಳಿಗಂಜಿ ಕುಡಿಸುವುದು. "ನಿಮಗೆ ಹೆದರಿಕೆ ಆಗ್ತಿರಲಿಲ್ವಾ ಅಜ್ಜಿ?" ಎಂದರೆ, "ನನ್ನದು ಕೊಟ್ಟು ಮುಗಿದಿದೆ ಮಗಳೇ" ಎನ್ನುತ್ತಿದ್ದರು. ಮಾರಿಗೆ ಕೊಡಬೇಕಾದ ಹರಕೆ ಮುಗಿದಿದೆ ಎಂಬ ಅರ್ಥದಲ್ಲಿ. ದೇವಿಯ ಲೆಕ್ಕದಲ್ಲಿ ಹೇಳಿದರೂ ಅಜ್ಜಿಯ ಲೆಕ್ಕ ಸರಿಯಾಗಿಯೇ ಇತ್ತು.

ಅದೇ ಲೆಕ್ಕವನ್ನು ಕಾಗದದ ಮೇಲೆ ಬರೆದವರೊಬ್ಬರು ಡೆನ್ಮಾರ್ಕಿನ ಯುವ ವೈದ್ಯ ಪೀಟರ್ ಲುಡ್ವಿಗ್ ಪಾನುಮ್. ಉತ್ತರ ಅಟ್ಲಾಂಟಿಕ್‌ನ ಫ್ಯಾರೋ ದ್ವೀಪಗಳಲ್ಲಿ 1781ರಲ್ಲಿ ದಡಾರ ಬಂದಿತ್ತು. ಆಮೇಲೆ 65 ವರ್ಷ ಅಲ್ಲಿ ದಡಾರದ ಸುಳಿವಿಲ್ಲ. 1846ರಲ್ಲಿ ಹಡಗಿನಲ್ಲಿ ಬಂದ ಒಬ್ಬನಿಂದ ಮತ್ತೆ ಹಬ್ಬಿತು. ಸುಮಾರು 7,800 ಜನರಲ್ಲಿ 6,000ದಷ್ಟು ಮಂದಿ ಮಲಗಿದರು. ಸರಕಾರ ಕಳಿಸಿದ ಪಾನುಮ್ ಮನೆಮನೆ ತಿರುಗಿ ನೋಡಿದಾಗ ಕಂಡದ್ದು ಇದು: 1781ರಲ್ಲಿ ದಡಾರ ಬಂದಿದ್ದ ಮುದುಕ ಮುದುಕಿಯರಲ್ಲಿ ಯಾರಿಗೂ ಈ ಸಲ ಬರಲಿಲ್ಲ. ಅದೇ ವಯಸ್ಸಿನವರಾಗಿ ಆಗ ತಪ್ಪಿಸಿಕೊಂಡಿದ್ದವರಿಗೆ ಈಗ ಬಂತು. 65 ವರ್ಷ ಆ ರೋಗದ ಗಾಳಿಯೇ ಸೋಕದೆ ಇದ್ದರೂ ಮೈ ಮರೆತಿರಲಿಲ್ಲ. ಮುಪ್ಪಿನಲ್ಲಿ ಬಲ ಕುಂದಿದ್ದ ಆ ಜನ ಉಳಿದರು, ಗಟ್ಟಿಯಾಗಿದ್ದ ಅವರ ಮಕ್ಕಳು ಮೊಮ್ಮಕ್ಕಳು ಮಲಗಿದರು. ಬಲಕ್ಕೂ ಇದಕ್ಕೂ ಸಂಬಂಧ ಎಷ್ಟು ಕಡಿಮೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಮೈ ಇದನ್ನು ನೆನಪಿಡುವ ರೀತಿ ಮಾತ್ರ ವಿಚಿತ್ರ. ರೋಗಾಣು ಒಳಗೆ ಬಂದ ಮೇಲೆ ಅದನ್ನು ನೋಡಿ ಅದಕ್ಕೆ ತಕ್ಕ ಆಯುಧ ಮಾಡುತ್ತದೆ ಎಂದೇ ಬಹುಕಾಲ ವಿಜ್ಞಾನಿಗಳೂ ಎಣಿಸಿದ್ದರು. ನಡೆಯುವುದು ತಿರುಗುಮುರುಗು. ಜಾತ್ರೆಗೆ ಬರುವ ಬಳೆಗಾರನನ್ನು ನೆನಪು ಮಾಡಿಕೊಳ್ಳಿ. ಯಾರ ಕೈ ಎಷ್ಟು ದಪ್ಪ ಎಂದು ಅವನಿಗೆ ಗೊತ್ತಿಲ್ಲ. ಎಲ್ಲ ಅಳತೆಯ ಬಳೆಗಳನ್ನೂ ಮೊದಲೇ ತಂದು ಹರಡಿರುತ್ತಾನೆ. ಕೈಗೆ ಕೂತದ್ದು ಯಾವುದೋ ಅದನ್ನು ಮುಂದಿನ ಸಲ ಹೆಚ್ಚು ತರಿಸುತ್ತಾನೆ. ಹಾಗೆಯೇ ನಮ್ಮ ಅಸ್ಥಿಮಜ್ಜೆಯಲ್ಲಿ ಹುಟ್ಟುವ ಒಂದೊಂದು ಬಿ ಕೋಶವೂ (ಬಿಳಿ ರಕ್ತಕಣಗಳಲ್ಲಿ ಒಂದು ಬಗೆ) ತನ್ನ ಮೈಮೇಲೆ ಒಂದೊಂದು ಬೇರೆ ಆಕಾರದ ಹಿಡಿಕೆ ಹೊತ್ತು ಬರುತ್ತದೆ. ಯಾವ ರೋಗಾಣುವನ್ನೂ ಕಾಣುವ ಮೊದಲೇ, ಕುರುಡಾಗಿ, ಕೋಟಿ ಕೋಟಿ ಆಕಾರಗಳು. ಬಹುಪಾಲು ಹಿಡಿಕೆಗಳಿಗೆ ಜೀವಮಾನದಲ್ಲಿ ಕೆಲಸವೇ ಬರುವುದಿಲ್ಲ. ಯಾವುದಕ್ಕೆ ಬಂದ ರೋಗಾಣು ಸರಿಯಾಗಿ ಕೂತಿತೋ ಆ ಒಂದು ಕೋಶ ಒಡೆದು ಒಡೆದು ಸಾವಿರಗಟ್ಟಲೆಯಾಗುತ್ತದೆ. ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್ 1957ರಲ್ಲಿ ಮುಂದಿಟ್ಟ ವಾದ ಇದು. ಇಷ್ಟೊಂದು ಆಕಾರಗಳಿಗೆ ಬೇಕಾದಷ್ಟು ಜೀನುಗಳು ನಮ್ಮಲ್ಲಿಲ್ಲವಲ್ಲ ಎಂಬ ಪ್ರಶ್ನೆ ಉಳಿದಿತ್ತು. ಕೋಶ ತನ್ನದೇ ಜೀನುಗಳ ತುಂಡುಗಳನ್ನು ಕತ್ತರಿಸಿ ಬೇರೆ ಬೇರೆ ರೀತಿ ಜೋಡಿಸಿಕೊಳ್ಳುತ್ತದೆ ಎಂದು ಜಪಾನಿನ ಸುಸುಮು ತೊನೆಗಾವ ತೋರಿಸಿದರು. 1987ರ ನೊಬೆಲ್ ಅವರಿಗೆ ಬಂದದ್ದು ಅದಕ್ಕೆ.

ಕುರುಡಾಗಿ ಮಾಡಿದರೆ ನಮ್ಮದೇ ಮೈಯನ್ನು ಹಿಡಿಯುವ ಆಕಾರಗಳೂ ಹುಟ್ಟಬೇಕಷ್ಟೆ. ಹುಟ್ಟುತ್ತವೆ. ಹೀಗೆಯೇ ಹಿಡಿಕೆ ಹೊತ್ತ ಇನ್ನೊಂದು ಬಗೆಯ ಬಿಳಿ ರಕ್ತಕಣಗಳಾದ ಟಿ ಕೋಶಗಳಲ್ಲಿ ಅಂಥವನ್ನು ಬೇರ್ಪಡಿಸುವ ಪರೀಕ್ಷೆ ನಡೆಯುವುದು ಎದೆಗೂಡಿನ ಮೇಲ್ಭಾಗದ ಥೈಮಸ್ ಗ್ರಂಥಿಯಲ್ಲಿ. ಅಲ್ಲಿಗೆ ಹೋದ ಕೋಶಗಳಲ್ಲಿ ಪಾಸಾಗಿ ಹೊರಬರುವುದು ನೂರಕ್ಕೆ ಐದೂ ಇಲ್ಲ, ಉಳಿದವು ಅಲ್ಲೇ ಸಾಯುತ್ತವೆ. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಪೂರ್ತಿ ಉಲ್ಟಾ ಎಂದರೆ ಮಕ್ಕಳು ನಗುತ್ತಾರೆ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಮುಟ್ಟಿದರೆ ನೋವು, ನಡೆಯುವಾಗ ಎಳೆತ. ಅಲ್ಲಿರುವುದು ದುಗ್ಧಗ್ರಂಥಿ. ಗಾಯದ ಜಾಗದಿಂದ ರೋಗಾಣುವಿನ ಚೂರು ಹೊತ್ತು ತಂದ ಕೋಶಗಳೂ ಹಿಡಿಕೆ ಹೊತ್ತ ಕೋಶಗಳೂ ಸಂಧಿಸುವುದು ಅದರೊಳಗೆ. ಸರಿಯಾಗಿ ಕೂತ ಕೋಶ ಒಡೆಯುತ್ತ ಹೋಗುವಾಗ ತನ್ನ ಹಿಡಿಕೆಯನ್ನು ಅಲ್ಪಸ್ವಲ್ಪ ಬದಲಿಸುತ್ತದೆ. ಬದಲಾದವುಗಳಲ್ಲಿ ಇನ್ನೂ ಬಿಗಿಯಾಗಿ ಹಿಡಿಯುವವು ಉಳಿಯುತ್ತವೆ. ಬಿ ಕೋಶ ರಕ್ತಕ್ಕೆ ಬಿಡುವ ಇಂಥ ಬಿಡಿ ಹಿಡಿಕೆಗಳೇ ಪ್ರತಿಕಾಯಗಳು (ಆ್ಯಂಟಿಬಾಡಿ). ಅಂದರೆ ಮೊದಲ ದಿನದ ಪ್ರತಿಕಾಯಕ್ಕಿಂತ ತಿಂಗಳ ನಂತರದ ಪ್ರತಿಕಾಯ ಒಳ್ಳೆಯದು. ಹೊಸ ರೋಗವಾದರೆ ಇದಕ್ಕೆಲ್ಲ ಒಂದರಿಂದ ಎರಡು ವಾರ ಬೇಕು. ಆ ಎರಡು ವಾರದಲ್ಲಿ ನಾವು ಹಾಸಿಗೆಯಲ್ಲಿರುತ್ತೇವೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಗೆದ್ದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ. ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ, ಇನ್ನು ಕೆಲವು ಅಸ್ಥಿಮಜ್ಜೆಯಲ್ಲಿ ಕೂತು ವರ್ಷಗಟ್ಟಲೆ ಪ್ರತಿಕಾಯ ಸುರಿಸುತ್ತಲೇ ಇರುತ್ತವೆ. 1918ರ ಮಹಾ ಫ್ಲೂ ಕಾಲದಲ್ಲಿ ಬದುಕಿದ್ದ 32 ಮಂದಿಯ ರಕ್ತವನ್ನು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರೀಕ್ಷಿಸಿತ್ತು. ಅವರಲ್ಲಿ ಎಲ್ಲರೂ 90 ದಾಟಿದವರು. ಆ ವೈರಸ್ಸನ್ನು ಹಿಡಿಯುವ ಪ್ರತಿಕಾಯ ಅವರ ರಕ್ತದಲ್ಲಿ ಆಗಲೂ ಇತ್ತು.

ಈಗ ಆ ಹುಡುಗಿಯ ಪ್ರಶ್ನೆಯ ಎರಡನೇ ಅರ್ಧ. ಶೀತ ಒಂದು ರೋಗವಲ್ಲ. ಅದರಲ್ಲಿ ಮುಖ್ಯವಾದ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆ. ಒಂದು ಪರಿಚಯವಾಗುವಾಗ ಇನ್ನೊಂದು ಬಾಗಿಲಿಗೆ ಬಂದಿರುತ್ತದೆ. ಇನ್ನೊಂದು ಕಾರಣವನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ: ಸಮಯ. ಚಿಕನ್ ಪಾಕ್ಸ್ ವೈರಸ್ ಮೈಯೊಳಗೆ ಬಂದು ಬೊಕ್ಕೆ ಏಳಲು 10ರಿಂದ 21 ದಿನ. ಅಷ್ಟರಲ್ಲಿ ನೆನಪಿನ ಕೋಶ ಎದ್ದು, ಒಡೆದು, ಪ್ರತಿಕಾಯ ತುಂಬಿಸಿ ಕೆಲಸ ಮುಗಿಸುತ್ತದೆ. ಶೀತ ಮೂಗಿನ ಮೇಲ್ಪದರದಲ್ಲೇ ಹುಟ್ಟಿ ಒಂದೆರಡು ದಿನದಲ್ಲಿ ಸೀನು ತರಿಸುವಂಥದ್ದು. ಪರಿಚಯವಿದ್ದರೂ ಮೈ ಏಳುವಷ್ಟರಲ್ಲಿ ಕರವಸ್ತ್ರ ಒದ್ದೆಯಾಗಿರುತ್ತದೆ.

ಚಿಕನ್ ಪಾಕ್ಸ್ ಮತ್ತೆ ಬರುವುದಿಲ್ಲ ಎಂಬುದೂ ಅರ್ಧ ಸತ್ಯ. ವೈರಸ್ ಮೈ ಬಿಟ್ಟು ಹೋಗುವುದೇ ಇಲ್ಲ. ನರಗಳ ಬುಡದಲ್ಲಿ ಕೂತಿರುತ್ತದೆ. ಟಿ ಕೋಶಗಳು ಅದನ್ನು ಅದುಮಿ ಇಟ್ಟಿರುತ್ತವೆ. ವಯಸ್ಸಾಗಿ ಹಿಡಿತ ಸಡಿಲಿದಾಗ ಒಂದು ನರದ ಗುಂಟ ಹೊರಬರುವುದೇ ಸರ್ಪಸುತ್ತು. ಸುತ್ತು ತಿರುಗಿ ತಲೆಯೂ ಬಾಲವೂ ಸೇರಿದರೆ ಉಳಿಗಾಲವಿಲ್ಲ ಎಂದು ಹೆದರಿಸುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ಅದು ಸಾಮಾನ್ಯವಾಗಿ ಮೈಯ ಒಂದು ಮಗ್ಗುಲಲ್ಲೇ ನಿಲ್ಲುತ್ತದೆ, ನರ ಹೋಗುವುದು ಅಷ್ಟೇ ದೂರ. ಉರಿ ಮಾತ್ರ ಸುಳ್ಳಲ್ಲ. ಮೊದಲ ಮೂರು ದಿನದೊಳಗೆ ಡಾಕ್ಟರರಲ್ಲಿಗೆ ಹೋದರೆ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ.

ನಮ್ಮ ಹಟ್ಟಿಯಲ್ಲಿ ಒಂದು ಕಾಸರಗೋಡು ಗಿಡ್ಡ ತಳಿಯ ದನ ಉಂಟು. ಅದು ಕರು ಹಾಕಿದ ಬೆಳಿಗ್ಗೆ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳ ಇದ್ದದ್ದೇ. ಕರು ಇನ್ನೂ ಒದ್ದೆ, ಹಿಂಗಾಲು ನೆಟ್ಟಗೆ ನಿಲ್ಲುವುದಿಲ್ಲ, ಮೊಲೆ ಹುಡುಕುತ್ತ ತಾಯಿಯ ಮುಂಗಾಲ ಹತ್ತಿರ ಮೂತಿ ಒರೆಸುತ್ತಿರುತ್ತದೆ. ಅತ್ತೆ ಚೆಂಬು ಹಿಡಿದು ಬಂದಿರುತ್ತಾರೆ. ಮೊದಲ ಹಾಲು ಅರಸಿನ ಬಣ್ಣ, ಬೆರಳಿಗೆ ಅಂಟುವಷ್ಟು ದಪ್ಪ; ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಗಿಣ್ಣು ಚೂರಿಯಲ್ಲಿ ತುಂಡು ಮಾಡುವಷ್ಟು ಗಟ್ಟಿಯಾಗುತ್ತದೆ. "ಕರುವಿಗೆ ಅಷ್ಟೂ ಕುಡಿಸಿದರೆ ಭೇದಿಯಾಗ್ತದೆ ಕೂಸೇ" ಎಂದು ಅವರು. "ಇವತ್ತಿನದ್ದು ಕರುವಿನದ್ದು ಅತ್ತೆ, ನಾಳೆಯದ್ದು ನಮ್ಮದು" ಎಂದು ನಾನು.

ನನ್ನ ಹಟಕ್ಕೆ ಕಾರಣ ಇದೆ. ಮನುಷ್ಯರಲ್ಲಿ ತಾಯಿಯ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕವೇ ಮಗುವಿಗೆ ಬರುತ್ತವೆ, ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಅವು ಕಡಿಮೆ. ದನದ ಮಾಸಿನಲ್ಲಿ ಆ ದಾರಿಯೇ ಇಲ್ಲ. ಕರು ಹುಟ್ಟುವಾಗ ಅದರ ರಕ್ತದಲ್ಲಿ ಪ್ರತಿಕಾಯ ಇಲ್ಲವೆಂದೇ ಹೇಳಬೇಕು, ಸಿಗಬೇಕಾದದ್ದೆಲ್ಲ ಗಿಣ್ಣುಹಾಲಿನಿಂದ. ಅದನ್ನು ಇಡಿಯಾಗಿ ಹೀರಿಕೊಳ್ಳುವ ಸಾಮರ್ಥ್ಯ ಕರುವಿನ ಕರುಳಿಗೆ ಇರುವುದು ಮೊದಲ 24 ಗಂಟೆ, ಅದರಲ್ಲೂ ಮೊದಲ ಕೆಲವು ಗಂಟೆ. ಆಮೇಲೆ ಎಷ್ಟು ಕುಡಿಸಿದರೂ ಅದು ಬರೀ ಹಾಲು. ಇಷ್ಟು ವಿವರಿಸಿದ ಮೇಲೆ ಅತ್ತೆ ಚೆಂಬು ಕೆಳಗಿಟ್ಟರು. "ಹಾಗಾದ್ರೆ ಸಂಜೆ ಹಿಂಡುವ" ಎಂದರು. ಸಂಜೆ ಎಂದರೆ 24 ಗಂಟೆ ಆಗಲಿಲ್ಲವಲ್ಲ ಎಂದು ನಾನು ಮತ್ತೆ ಲೆಕ್ಕ ತೆಗೆಯಲಿಲ್ಲ, ಗಿಣ್ಣು ನನಗೂ ಇಷ್ಟ.

ತಾಯಿ ಕೊಟ್ಟದ್ದು ಪ್ರತಿಕಾಯ ಮಾತ್ರ, ಅದನ್ನು ಮಾಡುವ ಕೋಶವಲ್ಲ. ಹಾಗಾಗಿ ಅದು ಖರ್ಚಾಗುತ್ತ ಹೋಗುತ್ತದೆ. ಮೂರು ವಾರಕ್ಕೊಮ್ಮೆ ಅರ್ಧಕ್ಕರ್ಧ. ಇನ್ನೊಂದು ತೊಡಕು, ಅದು ಇರುವಷ್ಟು ಕಾಲ ಮಗುವಿನ ಮೈ ತಾನೇ ಕಲಿಯಲು ಬಿಡುವುದಿಲ್ಲ. ದಡಾರದ ಲಸಿಕೆಯಲ್ಲಿರುವ ದುರ್ಬಲ ವೈರಸ್ಸನ್ನು ತಾಯಿಯ ಪ್ರತಿಕಾಯವೇ ಹಿಡಿದು ಮುಗಿಸುತ್ತದೆ. ನಮ್ಮ ದೇಶದಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಮೊದಲ ಡೋಸಿಗೆ 9 ತಿಂಗಳು ಕಾಯುವುದು ಇದಕ್ಕೆ, 16ರಿಂದ 24 ತಿಂಗಳೊಳಗೆ ಇನ್ನೊಂದು ಕೊಡುವುದೂ ಇದೇ ಕಾರಣಕ್ಕೆ. ಮೊದಲ ಸಲ ಕಲಿಯದ ಕೆಲವರು ಇದ್ದೇ ಇರುತ್ತಾರೆ. ಬುಧವಾರ ಕುಟುಂಬಾರೋಗ್ಯ ಕೇಂದ್ರದ ಜಗಲಿಯಲ್ಲಿ ಮಗುವನ್ನು ಹೆಗಲಿಗೆ ಹಾಕಿ ಕಾಯುವ ಅಮ್ಮಂದಿರು "ಒಂಬತ್ತು ತಿಂಗಳಿನದ್ದು ಆಗಿದೆ, ಇನ್ನು ಇನ್ನೊಂದು ಯಾಕೆ?" ಎನ್ನುವುದುಂಟು. ನರ್ಸಮ್ಮನಿಗೆ ವಿವರಿಸುವಷ್ಟು ಪುರುಸೊತ್ತು ಇರುವುದಿಲ್ಲ.

ದಡಾರ "ಒಂದು ಸಲ ಬಂದು ಹೋಗಲಿ, ಗಟ್ಟಿಯಾಗ್ತಾರೆ" ಎನ್ನುವವರನ್ನು ಕಂಡರೆ ನನಗೆ ತಡೆಯುವುದಿಲ್ಲ. ಆ ವೈರಸ್ ನುಗ್ಗುವುದು ನೆನಪಿನ ಕೋಶಗಳ ಒಳಕ್ಕೇ. ಲಸಿಕೆ ಹಾಕಿಸದೆ ದಡಾರ ಬಂದ ನೆದರ್ಲೆಂಡ್ಸ್‌ನ 77 ಮಕ್ಕಳ ರಕ್ತವನ್ನು ಮೊದಲೂ ನಂತರವೂ ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಬಂತು. ಬೇರೆ ಬೇರೆ ರೋಗಗಳಿಗೆ ಅವರು ಗಳಿಸಿಟ್ಟಿದ್ದ ಪ್ರತಿಕಾಯಗಳಲ್ಲಿ 11ರಿಂದ 73 ಶೇಕಡಾವರೆಗೆ ಅಳಿಸಿಹೋಗಿತ್ತು. ದಡಾರ ತನ್ನ ಪರಿಚಯ ಉಳಿಸಿ ಉಳಿದವರ ಪರಿಚಯ ಅಳಿಸುತ್ತದೆ. ಲಸಿಕೆ ಹಾಗೆ ಮಾಡುವುದಿಲ್ಲ.

ಮತ್ತೆ ಕೆಲವು ರೋಗಗಳು ಬಂದು ಹೋದರೂ ಏನೂ ಕಲಿಸುವುದಿಲ್ಲ. ತೋಟದಲ್ಲಿ ಕತ್ತಿ ತಾಗಿತೋ, ಗೊಬ್ಬರದ ಗುಂಡಿಯಲ್ಲಿ ತಂತಿ ಚುಚ್ಚಿತೋ, ಟಿ.ಟಿ. ಹಾಕಿಸು ಎನ್ನುತ್ತೇವೆ. ಧನುರ್ವಾಯುವಿನ ರೋಗಾಣು ಉಗುಳುವ ವಿಷ ಎಷ್ಟು ತೀಕ್ಷ್ಣವೆಂದರೆ, ಮೈಗೆ ಅದರ ಪರಿಚಯವಾಗಲು ಬೇಕಾದ ಪ್ರಮಾಣಕ್ಕಿಂತ ಕಡಿಮೆಯೇ ಕೊಲ್ಲಲು ಸಾಕು. ಬದುಕಿ ಉಳಿದವರಿಗೂ ಲಸಿಕೆ ಕೊಡಲೇಬೇಕು. ಲಸಿಕೆಯಲ್ಲಿರುವುದು ಅದೇ ವಿಷ, ಫಾರ್ಮಾಲಿನ್‌ನಿಂದ ಹಲ್ಲು ಕಿತ್ತದ್ದು. ಹಾಗಾಗಿ ಬೇಕಾದಷ್ಟು ಪ್ರಮಾಣದಲ್ಲಿ ಕೊಡಬಹುದು. 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಎರಡಕ್ಕೂ) ಚುಚ್ಚುಮದ್ದು ಉಂಟು. ನರ್ಸಮ್ಮ ಶಾಲೆಗೆ ಬಂದ ದಿನ ಕಬಡ್ಡಿ ತಂಡದ ದೊಡ್ಡ ದೊಡ್ಡ ಹುಡುಗರೇ ಸಾಲಿನ ಹಿಂದೆ ಹಿಂದೆ ಸರಿಯುತ್ತಾರೆ.

ಹಾವು ಕಚ್ಚಿದಾಗಲಂತೂ ಕಲಿಯಲು ಎರಡು ವಾರ ಯಾರು ಕೊಡುತ್ತಾರೆ? ಅಲ್ಲಿ ಬೇರೆಯವರ ಪ್ರತಿಕಾಯ ಸಾಲ ತರಬೇಕು, ಕುದುರೆಯದ್ದು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಪರಿಚಯ ಮಾಡಿಸಿ, ಅದರ ರಕ್ತದಿಂದ ಪ್ರತಿಕಾಯ ತೆಗೆದು ಬಾಟಲಿಗೆ ತುಂಬುತ್ತಾರೆ. ಅದಕ್ಕೆ ಬೇಕಾದ ವಿಷ ಬಹುಕಾಲದಿಂದ ಬರುತ್ತಿರುವುದು ತಮಿಳುನಾಡಿನ ಇರುಳರ ಹಾವು ಹಿಡಿಯುವವರ ಸಹಕಾರ ಸಂಘದಿಂದ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕಕ್ಕೆ ಅದು ಮದ್ದು. ನಮ್ಮ ರಬ್ಬರ್ ತೋಟದ ತರಗೆಲೆಯಲ್ಲಿ ಮಲಗುವ, ಮೂಗಿನ ತುದಿ ಮೇಲೆದ್ದ ಸಣ್ಣ ಮಂಡಲದ ಹಾವು ಕಚ್ಚಿದರೆ ಅದೇ ಬಾಟಲಿ ಉಪಯೋಗಕ್ಕಿಲ್ಲ, ಕುದುರೆಗೆ ಆ ವಿಷದ ಪರಿಚಯ ಮಾಡಿಸಿಲ್ಲ. ಸಾಲದ ಪ್ರತಿಕಾಯಕ್ಕೂ ನಿಯಮ ಇದೇ.

ಕೊರೋನಾ ಕಾಲಕ್ಕೆ ಬರುತ್ತೇನೆ. 2020ರ ಫೆಬ್ರವರಿ 3ರಂದು ದೇಶದ ಮೂರನೆಯ ರೋಗಿ ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲಿ, ಕಾಞಂಗಾಡಿನಲ್ಲಿ. ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಾವು ಆಗ ಅನುಭವಿಸಿದ್ದನ್ನು ಬರೆಯಲು ಬೇರೆಯೇ ಬರಹ ಬೇಕು. ಇಲ್ಲಿ ಹೇಳಬೇಕಾದದ್ದು ಮರುವರ್ಷದ ಮಾತು. 2021ರ ಜೂನ್–ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ಸಮೀಕ್ಷೆಯಲ್ಲಿ ಮಧ್ಯಪ್ರದೇಶದ 79 ಶೇಕಡಾ ಮಂದಿಯಲ್ಲಿ ಕೊರೋನಾ ಪ್ರತಿಕಾಯ ಸಿಕ್ಕಿತು. ಕೇರಳದಲ್ಲಿ 44.4 ಶೇಕಡಾ, ಪ್ರಕಟವಾದ ರಾಜ್ಯಗಳಲ್ಲೇ ಕಡಿಮೆ. ಆಗ ಕೇರಳದಲ್ಲಿ ದಿನವೂ ಹೊಸ ರೋಗಿಗಳ ಸಂಖ್ಯೆ ಏರುತ್ತಿತ್ತು. ಗಡಿಯಾಚೆಯ ನೆಂಟರಿಂದ ವಾಟ್ಸಾಪ್ ಬಂತು: "ನಿಮ್ಮವರಿಗೆ ಇಮ್ಯುನಿಟಿ ಪವರ್ ಕಡಿಮೆಯಂತೆ, ಮೀನು ಜಾಸ್ತಿ ತಿಂದು ಹಾಗೆ." ಮೀನಿಗೂ ಇದಕ್ಕೂ ಏನು ಸಂಬಂಧ ಮಾರಾಯ್ರೆ. ಮಧ್ಯಪ್ರದೇಶದಂಥ ಕಡೆ ಹೆಚ್ಚಿನವರಿಗೆ ಆಗಲೇ ರೋಗ ಬಂದು ಹೋಗಿತ್ತು, ಇಲ್ಲಿಯ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇನ್ನೂ ಬಂದಿರಲಿಲ್ಲ. ಪರಿಚಯವಾಗದ ಮೈಗಳು ಇಲ್ಲಿ ಹೆಚ್ಚು ಉಳಿದಿದ್ದವು. ಆ ಪರಿಚಯವನ್ನು ರೋಗದಿಂದ ಕೊಡಬೇಕೋ ಸೂಜಿಯಿಂದ ಕೊಡಬೇಕೋ ಎಂಬುದಷ್ಟೇ ಆಗ ಇದ್ದ ಪ್ರಶ್ನೆ. ಕಾದವರಿಗೆ ಸೂಜಿ ಸಿಕ್ಕಿತು. 44.4 ಎಂಬುದು ನನ್ನ ಮಟ್ಟಿಗೆ ಹೆಮ್ಮೆಯ ಅಂಕಿ.

ಕೆಪ್ಪಟ್ರಾಯದಲ್ಲಿ ಅಂಥ ಹೆಮ್ಮೆಗೆ ಜಾಗವಿಲ್ಲ. ಸರಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ, ರುಬೆಲ್ಲಾ ಇದೆ, ಅದಿಲ್ಲ. 2023ರ ಕೊನೆಯಿಂದ ಕೇರಳದಲ್ಲಿ ಅದು ಹಬ್ಬಿದಾಗ ಗಲ್ಲ ಊದಿದ ಮಕ್ಕಳಿಂದ ತರಗತಿಗಳು ಖಾಲಿಯಾದವು. ದುಡ್ಡು ಕೊಟ್ಟು ಖಾಸಗಿಯಲ್ಲಿ ಎಂಎಂಆರ್ (ದಡಾರ, ಕೆಪ್ಪಟ್ರಾಯ, ರುಬೆಲ್ಲಾ ಮೂರಕ್ಕೂ ಆಗುವ ಲಸಿಕೆ) ಹಾಕಿಸಿದ್ದ ಮಕ್ಕಳು ಹೆಚ್ಚಾಗಿ ತಪ್ಪಿಸಿಕೊಂಡರು. ಇದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಇಷ್ಟರವರೆಗೆ ಹೇಳಿದ್ದರಲ್ಲಿ ಪರಿಚಯ ಯಾವಾಗಲೂ ಒಳ್ಳೆಯದೇ. ಹೋಲಿಕೆಯ ಪರಿಚಯವೂ ಸಾಕಾದದ್ದುಂಟು. 1796ರ ಮೇ 14ರಂದು ಎಡ್ವರ್ಡ್ ಜೆನ್ನರ್ ಎಂಟು ವರ್ಷದ ಹುಡುಗನಿಗೆ ದನದ ಸಿಡುಬಿನ ಕೀವು ಹಚ್ಚಿ ಮನುಷ್ಯರ ಸಿಡುಬಿನಿಂದ ಕಾಪಾಡಿದ್ದು ಹಾಗೆ: ಎರಡು ವೈರಸ್‌ಗಳೂ ದಾಯಾದಿಗಳು, ಒಂದನ್ನು ಕಂಡ ಮೈ ಇನ್ನೊಂದನ್ನೂ ಗುರುತಿಸಿತು. ಆ ದಾರಿಯಲ್ಲೇ ನಡೆದು 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಜ್ಜಿ ಮಾಡುತ್ತಿದ್ದ ಕೆಲಸ ಆಮೇಲೆ ಯಾರಿಗೂ ಬೇಕಾಗಲಿಲ್ಲ.

ಡೆಂಗಿಯಲ್ಲಿ ಇದೇ ಹೋಲಿಕೆ ತಿರುಗಿ ಬೀಳುತ್ತದೆ. ಡೆಂಗಿ ವೈರಸ್ ನಾಲ್ಕು ಬಗೆ. ಒಂದು ಬಗೆ ಬಂದರೆ ಅದಕ್ಕೆ ಮಾತ್ರ ಜೀವನಪೂರ್ತಿ ನಿರೋಧಕತೆ, ಉಳಿದ ಮೂರಕ್ಕೆ ಕೆಲವು ತಿಂಗಳು. ಆಮೇಲೆ ಬೇರೆ ಬಗೆ ಬಂದಾಗ ಹಳೆಯ ಪ್ರತಿಕಾಯ ಅದನ್ನು ಹಿಡಿಯುತ್ತದೆ, ಆದರೆ ಅರೆಬರೆಯಾಗಿ, ಮುಗಿಸಲು ಆಗುವುದಿಲ್ಲ. ಹೀಗೆ ಪ್ರತಿಕಾಯ ಹೊತ್ತ ವೈರಸ್ಸನ್ನು ನುಂಗುವ ಬಿಳಿ ರಕ್ತಕಣಗಳೇ ಅದಕ್ಕೆ ಬೆಳೆಯುವ ಜಾಗವಾಗುತ್ತವೆ. ಥಾಯ್ಲೆಂಡಿನಲ್ಲಿ ಕೆಲಸ ಮಾಡಿದ ಸ್ಕಾಟ್ ಹಾಲ್‌ಸ್ಟೆಡ್ 1960ರ ದಶಕದಲ್ಲಿ ಇದನ್ನು ಗುರುತಿಸಿದರು. ತೀವ್ರ ಡೆಂಗಿ ಹೆಚ್ಚು ಕಂಡದ್ದು ಎರಡನೇ ಸಲ ಬಂದವರಲ್ಲಿ, ಮತ್ತೆ ಮೊದಲ ಸಲವೇ ಬಂದ ಎಳೆಗೂಸುಗಳಲ್ಲಿ. ಆ ಕೂಸುಗಳಿಗೆ ಹಳೆಯ ಪ್ರತಿಕಾಯ ಬಂದದ್ದು ತಾಯಿಯಿಂದ, ಖರ್ಚಾಗಿ ಖರ್ಚಾಗಿ ಅರೆಬರೆ ಉಳಿದದ್ದು.

2016ರಿಂದ ಫಿಲಿಪ್ಪೀನ್ಸ್ 8 ಲಕ್ಷಕ್ಕೂ ಹೆಚ್ಚು ಶಾಲಾಮಕ್ಕಳಿಗೆ ಡೆಂಗಿ ಲಸಿಕೆ ಕೊಟ್ಟಿತು. ಮೊದಲು ಡೆಂಗಿ ಬಂದಿದ್ದವರಿಗೆ ಅದರಿಂದ ಒಳ್ಳೆಯದಾಯಿತು. ಒಮ್ಮೆಯೂ ಬಾರದವರಿಗೆ ಲಸಿಕೆಯೇ ಮೊದಲ ಡೆಂಗಿಯ ಕೆಲಸ ಮಾಡಿ, ನಿಜವಾದದ್ದು ಬಂದಾಗ ಜೋರಾಗುವ ಅಪಾಯ ಹೆಚ್ಚಿತು. 2017ರ ಕೊನೆಗೆ ಕಾರ್ಯಕ್ರಮ ನಿಂತಿತು. ನಾಲ್ಕೂ ಬಗೆಗೆ ಸಮನಾಗಿ ಕಲಿಸುವ ಗುರಿಯ ಒಂದೇ ಡೋಸಿನ ಲಸಿಕೆಯ ಕೊನೆಯ ಹಂತದ ಪರೀಕ್ಷೆ ನಮ್ಮ ದೇಶದಲ್ಲಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಿಂದ ಶುರುವಾಯಿತು. ಸುಮಾರು 10 ಸಾವಿರ ಸ್ವಯಂಸೇವಕರನ್ನು ಎರಡು ವರ್ಷ ಗಮನಿಸುವ ಲೆಕ್ಕ ಆಗ ಇತ್ತು.

ಹಾಗಾಗಿ "ನನಗೆ ಒಮ್ಮೆ ಬಂದಿದೆ, ಇನ್ನು ಹೆದರಿಕೆ ಇಲ್ಲ" ಎಂದು ತೋಟದಲ್ಲಿ ಹೇಳುವವರೇ ಹೆಚ್ಚು ಹುಷಾರಾಗಿರಬೇಕು. ನಮ್ಮ ಕಡೆ ಡೆಂಗಿ ಸೊಳ್ಳೆ ಹುಟ್ಟುವುದು ಪೇಟೆಯ ಚರಂಡಿಯಲ್ಲಿ ಅಲ್ಲ, ಬಿದ್ದ ಅಡಿಕೆ ಹಾಳೆಯ ಕುಳಿಯಲ್ಲಿ ನಿಂತ ಒಂದು ಲೋಟ ಮಳೆನೀರಿನಲ್ಲಿ, ರಬ್ಬರಿನ ಚಿರಟೆಯಲ್ಲಿ, ಮನೆಯ ಹಿಂದೆ ಬಿಸಾಡಿದ ಪೈಂಟ್ ಡಬ್ಬಿಯಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಹತ್ತು ದಿನ. ಆರೋಗ್ಯ ಇಲಾಖೆಯವರು ಶುಕ್ರವಾರ ಶಾಲೆಗಳಿಗೆ, ಶನಿವಾರ ಆಫೀಸುಗಳಿಗೆ, ಆದಿತ್ಯವಾರ ಮನೆಗಳಿಗೆ ನಿಂತ ನೀರು ಚೆಲ್ಲುವ 'ಡ್ರೈ ಡೇ' ಎಂದು ಮಾಡಿದ್ದಾರೆ. ಶುಕ್ರವಾರದ್ದು ನಮ್ಮಲ್ಲಿ ಮಕ್ಕಳಿಂದಾಗಿ ಸರಿಯಾಗಿ ನಡೆಯುತ್ತದೆ. ಆದಿತ್ಯವಾರದ್ದು ನಡೆಯುವುದಿಲ್ಲ, ಮದುವೆ, ಬ್ರಹ್ಮಕಲಶ, ತಾಳಮದ್ದಳೆ ಎಲ್ಲ ಅಂದೇ. ಮಳೆಗಾಲದಲ್ಲಿ ಟ್ಯಾಪಿಂಗ್ ನಿಲ್ಲಿಸಿದ ಮೇಲೂ ಚಿರಟೆಗಳನ್ನು ಕವುಚಿ ಹಾಕದ ತೋಟದವರಿಗೆ ಪಂಚಾಯತಿನಿಂದ ನೋಟೀಸು ಕೊಡುವ ಕ್ರಮ ಉಂಟು. ಕೊಡಬೇಕು, ತೋಟ ನೆಂಟರದ್ದಾದರೂ ಕೊಡಬೇಕು.